ರೆಸಾರ್ಟಿನ ಲೆಕ್ಕದ ಕೋಣೆಯಲ್ಲಿ ನಡೆಯುವ ಕೆಲಸ

ಗೋವಾದ ಕಡಲತೀರದ ರೆಸಾರ್ಟ್‌ಗಳಲ್ಲಿ ದುಡಿಯುವ ಕನ್ನಡಿಗರು ಕಡಿಮೆಯೇನಿಲ್ಲ. ಹೌಸ್‌ಕೀಪಿಂಗ್, ಅಡುಗೆಮನೆ, ತೋಟ, ಸೆಕ್ಯುರಿಟಿ ಎಲ್ಲ ಕಡೆ ನಮ್ಮವರಿದ್ದಾರೆ. ಬಿ.ಕಾಂ. ಓದಿದ ನಮ್ಮ ಮಕ್ಕಳು ಅಕೌಂಟ್ಸ್ ವಿಭಾಗದತ್ತಲೂ ನೋಡಬೇಕು ಎಂಬ ಆಸೆಯಿಂದ ಈ ಬರಹ. ಆ ವಿಭಾಗದ ಮುಖ್ಯಸ್ಥರಿಗೆ ಡೈರೆಕ್ಟರ್ ಆಫ್ ಫೈನಾನ್ಸ್ ಎಂದೋ ಫೈನಾನ್ಶಿಯಲ್ ಕಂಟ್ರೋಲರ್ ಎಂದೋ ಹೆಸರು.

ಅಂಗಡಿಯಲ್ಲಿ ಇವತ್ತು ಉಳಿದ ಸಾಮಾನನ್ನು ನಾಳೆ ಮಾರಬಹುದು. ಖಾಲಿ ಉಳಿದ ಕೋಣೆಯ ರಾತ್ರಿ ಮತ್ತೆ ಬರುವುದಿಲ್ಲ. ಆದ್ದರಿಂದ ಹೋಟೆಲಿನ ಲೆಕ್ಕ ದಿನಕ್ಕೆ ದಿನವೇ ಮುಗಿಯಬೇಕು. ಊರೆಲ್ಲ ಮಲಗಿದ ಮೇಲೆ ನೈಟ್ ಆಡಿಟರ್ ಕೋಣೆ, ರೆಸ್ಟೋರೆಂಟ್, ಬಾರ್, ಸ್ಪಾ ಬಿಲ್ಲುಗಳನ್ನು ಅತಿಥಿಗಳ ಖಾತೆಯೊಂದಿಗೆ ತಾಳೆ ನೋಡಿ ದಿನವನ್ನು ಮುಚ್ಚುತ್ತಾರೆ. ಬೆಳಿಗ್ಗೆ ಇನ್‌ಕಮ್ ಆಡಿಟರ್ ಅದನ್ನೇ ಮತ್ತೆ ಪರೀಕ್ಷಿಸುತ್ತಾರೆ. ಖರ್ಚು ವೆಚ್ಚವನ್ನು ವಿಭಾಗವಾರು ಬರೆಯುವ ಪದ್ಧತಿಯನ್ನು ನ್ಯೂಯಾರ್ಕಿನ ಹೋಟೆಲಿನವರು 1926ರಲ್ಲಿ ರೂಪಿಸಿದರು. ದೊಡ್ಡ ಹೋಟೆಲುಗಳು ಇಂದಿಗೂ ಅದರ ಪರಿಷ್ಕೃತ ರೂಪವನ್ನೇ ಅನುಸರಿಸುತ್ತವೆ.

ಮುಖ್ಯಸ್ಥರ ಬುದ್ಧಿ ಪರೀಕ್ಷೆಯಾಗುವುದು ದರ ನಿಗದಿಯಲ್ಲಿ. 200 ಕೋಣೆಗಳಲ್ಲಿ 120ನ್ನು 8,000 ರೂಪಾಯಿಗೆ ಕೊಟ್ಟರೂ, 160ನ್ನು 6,000ಕ್ಕೆ ಕೊಟ್ಟರೂ ಬರುವುದು 9.6 ಲಕ್ಷವೇ. ಆದರೆ ಎರಡನೆಯದರಲ್ಲಿ ಇನ್ನೂ 40 ಕೋಣೆಗಳ ಲಾಂಡ್ರಿ, ಕರೆಂಟು, ಕೆಲಸದವರ ಖರ್ಚು ಸೇರುತ್ತದೆ. ಹಾಗೆಂದು ಮೊದಲನೆಯದೇ ಲಾಭವೆಂದೂ ಹೇಳಲಾಗದು. ಹೆಚ್ಚು ಅತಿಥಿಗಳಿದ್ದರೆ ಊಟ, ಬಾರಿನ ವ್ಯಾಪಾರವೂ ಹೆಚ್ಚು.

ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ. 5, ಅದಕ್ಕಿಂತ ಹೆಚ್ಚಾದರೆ ಶೇ. 18. ಅಂದರೆ 7,500ರ ಕೋಣೆಗೆ ಅತಿಥಿ ಕೊಡುವುದು 7,875. ದರವನ್ನು ನೂರೇ ರೂಪಾಯಿ ಏರಿಸಿದರೆ 8,968! ಆದರೆ ಶೇ. 5ರ ಕೋಣೆಗೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ಮದ್ಯವಂತೂ ಜಿಎಸ್‌ಟಿಯ ಹೊರಗೆ, ಅದಕ್ಕೆ ರಾಜ್ಯದ ತೆರಿಗೆ. ಒಂದೇ ಮೇಜಿನ ಬಿಲ್ಲಿನಲ್ಲಿ ಎರಡು ಬಗೆಯ ತೆರಿಗೆ ಬರುವುದು ಹೀಗೆ.

ಮದುವೆಗೆಂದು ಬಂದ ಮುಂಗಡ ಬ್ಯಾಂಕಿನಲ್ಲಿದ್ದರೂ ಅದು ಆದಾಯವಲ್ಲ, ಕಾರ್ಯಕ್ರಮ ನಡೆಯುವವರೆಗೆ ಅತಿಥಿಯ ಋಣ. ಅದನ್ನು ಹಳೆಯ ಬಾಕಿಗೆ ಬಳಸಿಬಿಟ್ಟರೆ ಮಳೆಗಾಲದಲ್ಲಿ, ವ್ಯಾಪಾರ ಇಳಿದಾಗ, ಕಷ್ಟ ಗೊತ್ತಾಗುತ್ತದೆ. ಆಗ ಮೊದಲು ತಡೆಹಿಡಿಯುವುದು ಚಿಕ್ಕವರ ಬಿಲ್ಲುಗಳನ್ನೇ: ತರಕಾರಿಯವರು, ಹೂವಿನವರು, ಲೇಬರ್ ಕಂಟ್ರಾಕ್ಟರ್. ದೊಡ್ಡ ಕಂಪನಿ ಕಾನೂನಿನ ನೋಟಿಸು ಕಳಿಸುತ್ತದೆ, ಹೂವಿನವರು ಗೇಟಿನ ಬಳಿ ಕಾಯುತ್ತಾರೆ. ಯಾರಿಗೆ ಮೊದಲು ಪಾವತಿ ಎಂಬ ಪಟ್ಟಿಗೆ ಸಹಿ ಹಾಕುವುದು ಈ ಮುಖ್ಯಸ್ಥರೇ.

ಕಂಟ್ರಾಕ್ಟ್ ಮೇಲಿರುವ ನಮ್ಮವರಿಗೆ ಇದು ಹೊಟ್ಟೆಯ ಪ್ರಶ್ನೆ. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೊಡುವ ಹೊಣೆ ಹೋಟೆಲಿನದೇ ಎಂದು ಕಾನೂನು ಹೇಳುತ್ತದೆ. ಆದ್ದರಿಂದ ಜವಾಬ್ದಾರಿಯುಳ್ಳ ಮುಖ್ಯಸ್ಥರು ಹಿಂದಿನ ತಿಂಗಳ ಪಿಎಫ್ ಚಲನ್, ಹಾಜರಿ ಪಟ್ಟಿ ಎರಡನ್ನೂ ನೋಡದೆ ಕಂಟ್ರಾಕ್ಟರ್ ಬಿಲ್ ಪಾಸು ಮಾಡುವುದಿಲ್ಲ. ಪಿಎಫ್ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ನಿಮ್ಮ ಯುಎಎನ್ ಸಂಖ್ಯೆಯಿಂದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ನೋಡಿ. ಸಂಬಳದಲ್ಲಿ ಮುರಿದುಕೊಂಡ ಹಣ ಅಲ್ಲಿ ಕಾಣದಿದ್ದರೆ ಸಂಬಳದ ಚೀಟಿಯೊಂದಿಗೆ ಕಂಟ್ರಾಕ್ಟರನ್ನೂ ಹೋಟೆಲಿನ ಅಕೌಂಟ್ಸ್ ವಿಭಾಗವನ್ನೂ ಬರವಣಿಗೆಯಲ್ಲೇ ಕೇಳಿ.