3,500 ಇಂಗ್ಲಿಷ್ ಪದ ಬಾಯಿಪಾಠ ಮಾಡಿದರೆ ವರ್ಬಲ್ ಸ್ಕೋರ್ ಏರುತ್ತದೆಯೇ?

‘30 ದಿನದಲ್ಲಿ 3,500 ಪದ ಕಲಿಯಿರಿ, ವರ್ಬಲ್ ಸ್ಕೋರ್ ಏರುವುದು ಗ್ಯಾರಂಟಿ’ ಎನ್ನುವಂಥ ಪಿಡಿಎಫ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಜೊತೆಗೆ ಇನ್ನೊಂದು ಮಾತೂ ಓಡಾಡುತ್ತದೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಆಗದ ಕೆಲಸ. ತೊಂಡೇಬಾವಿಯಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗಿಬಂದು, ರಾತ್ರಿ ಕ್ಯಾಟ್ ಅಥವಾ ಜಿಆರ್‌ಇಗೆ ಓದುವವರ ಸಮಯವನ್ನು ಮೊದಲ ಮಾತು ತಿನ್ನುತ್ತದೆ, ಧೈರ್ಯವನ್ನು ಎರಡನೆಯದು. ಎರಡನ್ನೂ ಪರಿಶೀಲಿಸೋಣ.

ಪರೀಕ್ಷೆ ಕೇಳುವುದೇನು?

ಐಐಎಂಗಳ ಪ್ರವೇಶಕ್ಕೆ ನಡೆಯುವ ಕ್ಯಾಟ್‌ನಲ್ಲಿ 2024ರಲ್ಲಿ ಇಂಗ್ಲಿಷ್ ಭಾಗಕ್ಕೆ 24 ಪ್ರಶ್ನೆ, 40 ನಿಮಿಷ. ಅದರಲ್ಲಿ 16 ಪ್ರಶ್ನೆಗಳು ಪ್ಯಾಸೇಜ್ ಓದಿ ಉತ್ತರಿಸುವಂಥವು. ಉಳಿದ 8 ವಾಕ್ಯ ಜೋಡಣೆ, ಸಾರಾಂಶದಂಥವು. ಪದದ ಅರ್ಥವನ್ನು ನೇರವಾಗಿ ಕೇಳುವ ಪ್ರಶ್ನೆ ಇರಲಿಲ್ಲ.

ಜಿಆರ್‌ಇಯಲ್ಲಿ ಹಿಂದೆ ವಿರುದ್ಧಾರ್ಥಕ ಪದ ಕೇಳುತ್ತಿದ್ದರು. 2011ರ ಆಗಸ್ಟ್‌ನಲ್ಲಿ ಅದನ್ನು ಕೈಬಿಟ್ಟರು. ಖಾಲಿ ಜಾಗ ತುಂಬುವ ಪ್ರಶ್ನೆಗಳು ಈಗಲೂ ಇವೆ. ಹಾಗಾಗಿ ಅಲ್ಲಿ ಪದಗಳು ಬೇಕು, ಆದರೆ ಅಷ್ಟೇ ಸಾಲದು.

ಹಾಗಾದರೆ ಸ್ಕೋರ್ ನಿಲ್ಲುವುದೇಕೆ?

ಒಂದು ಉದಾಹರಣೆ ನೋಡಿ. ಪ್ಯಾಸೇಜ್‌ನಲ್ಲಿ ‘ಗೌರಿಬಿದನೂರು ತಾಲ್ಲೂಕಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ’ ಎಂದಿದೆ ಅಂದುಕೊಳ್ಳಿ. ಆಯ್ಕೆಯಲ್ಲಿ ‘ತಾಲ್ಲೂಕಿನ ಕೊಳವೆಬಾವಿ ನೀರು ಕುಡಿಯಲು ಯೋಗ್ಯವಲ್ಲ’ ಎಂದಿದೆ. ಇಲ್ಲಿ ಕಷ್ಟದ ಪದ ಒಂದೂ ಇಲ್ಲ. ‘ಕೆಲವು’ ಎಂಬುದು ಸದ್ದಿಲ್ಲದೆ ‘ಎಲ್ಲ’ ಆಗಿದೆ. ಅವಸರದಲ್ಲಿ ಓದಿದವರು ಇದನ್ನೇ ಒತ್ತುತ್ತಾರೆ. ಕ್ಯಾಟ್‌ನಲ್ಲಿ ಸರಿಯುತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ.

ಈ ತಪ್ಪು ಎಲ್ಲಿ ಆಯಿತೆಂದು ನೋಡದೆ ಇನ್ನೊಂದು ಮಾಕ್ ಟೆಸ್ಟ್ ಬರೆದರೆ ಅದೇ ತಪ್ಪು ಮರಳಿ ಬರುತ್ತದೆ.

ಪಿಡಿಎಫ್ ಮತ್ತೆ ಮತ್ತೆ ಓದಿದರೆ?

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪಟ್ಟಿ ಓದುವಾಗ ‘ಎಲ್ಲ ಗೊತ್ತಿದೆ’ ಅನ್ನಿಸುವುದು ಇದೇ ಕಾರಣಕ್ಕೆ.

ಕನ್ನಡ ಮಾಧ್ಯಮದವರಿಗೆ ಆಗುವುದಿಲ್ಲವೇ?

ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಆಟದ ಕುರಿತ ಬರಹ ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದಬಲ್ಲ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಗ್ರಹಿಸಿದ್ದರು. ವಿಷಯ ತಿಳಿದಿದ್ದರೆ ಓದು ಸುಲಭ. ಆ ತಿಳಿವಳಿಕೆ ಕನ್ನಡ ಪತ್ರಿಕೆಯಿಂದ ಬಂದಿದ್ದರೂ ನಿಮ್ಮದೇ. ಆದರೆ ಇಂಗ್ಲಿಷ್ ಓದಿನ ವೇಗ ಇಂಗ್ಲಿಷ್ ಓದಿಯೇ ಬರಬೇಕು. ಅದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ, 30 ದಿನ ಸಾಲದು.

ಏನು ಮಾಡಬಹುದು?

• ಒಂದು ಪ್ಯಾಸೇಜನ್ನು ಗಡಿಯಾರವಿಲ್ಲದೆ ಬಿಡಿಸಿ. ಆಗ ಉತ್ತರ ಸರಿಯಾದರೆ ನಿಮ್ಮ ತೊಡಕು ವೇಗದ್ದು. ಆಗಲೂ ತಪ್ಪಾದರೆ ಗ್ರಹಿಕೆಯದ್ದು.

• ತಪ್ಪುಗಳಿಗೊಂದು ನೋಟ್‌ಬುಕ್ ಇಡಿ. ಪ್ರತಿ ತಪ್ಪಿಗೂ ಒಂದೇ ಸಾಲು: ಪದ ಗೊತ್ತಿರಲಿಲ್ಲವೇ, ‘ಕೆಲವು’ ‘ಎಲ್ಲ’ ಆಯಿತೇ, ಪ್ಯಾಸೇಜ್‌ನಲ್ಲಿ ಇಲ್ಲದ್ದನ್ನು ಊಹಿಸಿದೆನೇ?

• ರೈಲಿನಲ್ಲಿ ಇಂಗ್ಲಿಷ್ ಸಂಪಾದಕೀಯ ಒಂದನ್ನು ಓದಿ, ಫೋನ್ ಬದಿಗಿಟ್ಟು ಅದರ ವಾದವನ್ನು ಎರಡು ವಾಕ್ಯದಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲಿ ಹೇಳಿಕೊಂಡರೂ ಸರಿ.

• ಹೊಸ ಪದವನ್ನು ಅದು ಬಂದ ವಾಕ್ಯದೊಂದಿಗೆ ಬರೆದಿಡಿ. ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಅರ್ಥ ಮುಚ್ಚಿ ನೆನಪಿಸಿಕೊಳ್ಳಿ.

ಒಂದು ಮಾಕ್‌ನಲ್ಲಿ ಎರಡು ಅಂಕ ಇಳಿದರೆ ಗಾಬರಿ ಬೇಡ, ಅಷ್ಟು ಏರಿಳಿತ ಸಹಜ. ನಾಲ್ಕೈದು ಮಾಕ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ.

ನಮ್ಮ ತೀರ್ಮಾನ: ಪದಪಟ್ಟಿಯೊಂದೇ ಸ್ಕೋರ್ ಏರಿಸುತ್ತದೆ ಎಂಬುದು ದಾರಿ ತಪ್ಪಿಸುವ ಮಾತು. ಕನ್ನಡ ಮಾಧ್ಯಮದವರಿಗೆ ಆಗದು ಎಂಬುದು ತಪ್ಪು. ಆ ಪಿಡಿಎಫ್ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನೂ ಜೊತೆಗೆ ಕಳಿಸಿ.