ಚೈತ್ರದ ಬರವಣಿಗೆ: ಮನೆಯಲ್ಲಿ ಒಂದು ಹೊತ್ತಿನ ಹಂಬಲ

ಕಬ್ಬಿನ ಹಂಗಾಮು ಮುಗಿದು ಮಕ್ಕಳ ಪರೀಕ್ಷೆಗಳು ಕೊನೆಗೊಳ್ಳುವ ಚೈತ್ರದಲ್ಲಿ ಬರೆಯಲು ಬಿಡುವು ಸಿಕ್ಕೀತು ಎಂಬುದು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹವ್ಯಾಸಿ ಬರಹಗಾರರ ನಿರೀಕ್ಷೆ. ವಾಸ್ತವ ಬೇರೆಯೇ ಇದೆ. ಶಾವಿಗೆ, ಹಪ್ಪಳ, ಸಂಡಿಗೆ, ವರ್ಷಕ್ಕಾಗುವಷ್ಟು ಖಾರದಪುಡಿ ಎಲ್ಲವೂ ಇದೇ ಬಿಸಿಲಿನಲ್ಲಿ ಆಗಬೇಕು. ಜಾತ್ರೆ, ಮದುವೆ, ರಜೆಗೆ ಬರುವ ಬಂಧುಗಳೂ ಇದೇ ಕಾಲಕ್ಕೆ. ಶಿಕ್ಷಕರಿಗೆ ಉತ್ತರಪತ್ರಿಕೆಗಳ ಮೌಲ್ಯಮಾಪನ. ಇಷ್ಟರ ನಡುವೆ ಮಧ್ಯಾಹ್ನ ಲೇಖನಿ ಹಿಡಿದರೆ ಸೆಖೆಗೆ ಮನಸ್ಸು ನಿಲ್ಲದು.

ಈ ನೆಲದ ಲೇಖಕರಿಗೂ ಬಿಡುವು ತಾನಾಗಿ ಒದಗಿದ್ದಿಲ್ಲ. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ, ಬೆಟಗೇರಿ ಕೃಷ್ಣಶರ್ಮ, ಮಲಾಮರಡಿಯ ಬಸವರಾಜ ಕಟ್ಟೀಮನಿ, ಘೋಡಗೇರಿಯ ಚಂದ್ರಶೇಖರ ಕಂಬಾರ ಇದೇ ಪರಿಸರದಿಂದ ಬಂದವರು. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಪಾಠ ಹೇಳುತ್ತಲೇ ಹತ್ತಾರು ಕಾದಂಬರಿಗಳನ್ನು ಬರೆದರು. ಅವರ ‘ಕುಲವಧು’ 1963ರಲ್ಲಿ ಚಲನಚಿತ್ರವಾಯಿತು. ಬೇಂದ್ರೆಯವರ ಯುಗಾದಿ ಕವಿತೆ ಮನೆಮನೆಯ ಹಾಡಾದದ್ದು ಆ ಚಿತ್ರದಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಇವರೆಲ್ಲರಿಗಿಂತ ಹಿಂದಿನ ಒಂದು ಮಾದರಿ ಬೀಸುವ ಕಲ್ಲಿನದು. ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದ ಹೆಣ್ಣುಮಕ್ಕಳು ಕಲ್ಲಿನ ಸುತ್ತಿಗೆ ಸರಿಯಾಗಿ ತ್ರಿಪದಿಗಳನ್ನು ಕಟ್ಟಿದರು. ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಬೀಸುವುದು ಕಷ್ಟದ ದುಡಿಮೆ, ಅದನ್ನು ಹೊಗಳಬೇಕಾಗಿಲ್ಲ. ಆದರೆ ಆ ಹೊತ್ತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಕೈಗೆ ಕೆಲಸವಿದ್ದುದರಿಂದ ಮನಸ್ಸು ಎಲ್ಲಿಗೆ ಹೋಯಿತೆಂದು ಕೇಳುವವರಿರಲಿಲ್ಲ. ಹಿಟ್ಟಿನ ಗಿರಣಿ ಬಂದು ಶ್ರಮ ತಪ್ಪಿಸಿತು. ಅದರೊಂದಿಗೆ ಆ ಏಕಾಂತವೂ ಹೋಯಿತು. ಇಂದು ಮನೆಯಾಕೆ ಸುಮ್ಮನೆ ವಹಿ ಹಿಡಿದು ಕುಳಿತರೆ ‘ಕೆಲಸವಿಲ್ಲವೇ’ ಎಂಬ ಮಾತು ಬರುತ್ತದೆ. ಕೊರತೆ ಇರುವುದು ಸಮಯದ್ದಲ್ಲ, ಮನೆಯವರು ಒಪ್ಪಿದ ಒಂದು ಹೊತ್ತಿನದು.

ಬೇಸಿಗೆಯಲ್ಲಿ ಆ ಹೊತ್ತು ನಸುಕಿನದೇ ಆಗುವುದು ಲೇಸು. ಗಾಳಿ ತಂಪಾಗಿರುತ್ತದೆ, ನಿದ್ದೆಯಿಂದ ಎದ್ದ ಮನಸ್ಸಿಗೆ ದಿನದ ಚಿಂತೆ ಇನ್ನೂ ಅಂಟಿರುವುದಿಲ್ಲ. ಐದು ಗಂಟೆಗೆ ಎದ್ದು ಮುಕ್ಕಾಲು ತಾಸು, ಪ್ರತಿದಿನ ಅದೇ ಜಾಗದಲ್ಲಿ ಕುಳಿತರೆ ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಹೊಸದಾಗಿ ಬರೆಯುವುದು ಬೆಳಿಗ್ಗೆ, ತಿದ್ದುವುದು ಸಂಜೆ ಎಂದು ವಿಂಗಡಿಸಿಕೊಂಡರೆ ಬಳಲಿದ ಹೊತ್ತೂ ವ್ಯರ್ಥವಾಗದು. ಮುಂದಿನ ಸಾಲು ಹೊಳೆದಿರುವಾಗಲೇ ನಿಲ್ಲಿಸಿದರೆ ಮರುದಿನ ಖಾಲಿ ಹಾಳೆಯ ಭಯವಿಲ್ಲ. ಮದುವೆ, ಜಾತ್ರೆಗಳ ದಿನ ಕೇಳಿದ ಒಂದು ಮಾತನ್ನೋ ಕಂಡ ಮುಖವನ್ನೋ ಎರಡು ಸಾಲಿನಲ್ಲಿ ಗುರುತು ಹಾಕಿಟ್ಟರೆ ಆಯಿತು.

ತಡವಾಯಿತೆಂಬ ಅಳುಕೂ ಬೇಡ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದಾಗ, 1963ರಲ್ಲಿ, ಅವರು ನಲವತ್ತೈದು ದಾಟಿದ್ದ ಗೃಹಿಣಿ.

ಇಂಗ್ಲೆಂಡಿನ ಆಂಥೊನಿ ಟ್ರೊಲೊಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದರು. 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ತಮ್ಮ ಯಶಸ್ಸಿನ ದೊಡ್ಡ ಪಾಲನ್ನು ಸಲ್ಲಿಸಿದ್ದು, ದಿನವೂ ಎಬ್ಬಿಸಿ ಕಾಫಿ ತಂದುಕೊಡುತ್ತಿದ್ದ ಮುದಿ ಸೇವಕನಿಗೆ. ಆ ಕೆಲಸಕ್ಕೆಂದೇ ಅವನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿನ ಸಂಬಳವಿತ್ತು. ಗೋಕಾಕದ ಮನೆಗಳಲ್ಲಿ ಆ ಸೇವಕ ಸಿಗಲಾರ. ನಸುಕಿನಲ್ಲಿ ಮನೆಯಾಕೆ ಬರೆಯಲು ಕುಳಿತಾಗ ಚಹಾಕ್ಕೆ ನೀರಿಡುವವರು ಯಾರು ಎಂಬುದನ್ನು ಯುಗಾದಿಗೆ ಮೊದಲೇ ಮನೆಯವರು ಕೂಡಿ ನಿಶ್ಚಯಿಸಿಕೊಳ್ಳಬೇಕು.