ಕಾದು ಸೋತ ಸೆಲ್ಲು

ಹಿರೇಬೆಂಡಿಗೇರಿ ಕಡೆಯ ಹೊಲಗಳಲ್ಲಿ ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗಾಗಿ ಬೋರಿನ ಪೆಟ್ಟಿಗೆ ಮುಂದೆ ಕೂತವರನ್ನು ನೀರು ಹಾಯಿಸುವ ಕೆಲಸಕ್ಕಿಂತ ಕಾಯುವ ಕೆಲಸವೇ ಹೆಚ್ಚು ದಣಿಸಿತ್ತು. ಬ್ಲೂಟೂತನ್ನು ದಣಿಸಿದ್ದೂ ಅದೇ.

1994ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಎರಿಕ್ಸನ್ ಕಂಪನಿಯ ಯಾಪ್ ಹಾರ್ಟ್‌ಸೆನ್ ಮೊಬೈಲಿಗೂ ಹೆಡ್‌ಸೆಟ್ಟಿಗೂ ನಡುವಿನ ವೈರು ತೆಗೆಯಲು ಹೊರಟರು. ಮರುವರ್ಷ ಸ್ವೆನ್ ಮ್ಯಾಟಿಸನ್ ಜತೆಯಾದರು. ಅವರು ಕಟ್ಟಿದ ರೇಡಿಯೊ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯಿತು. ಗದ್ದಲದ ನಡುವೆಯೂ ಮಾತು ದಾಟಿತು.

ತೊಡಕು ಎದ್ದದ್ದು ಆಮೇಲೆ. ಕೈಗಡಿಯಾರ, ಎದೆಬಡಿತ ಎಣಿಸುವ ಪಟ್ಟಿಗಳಿಗೆ ಹೇಳಲು ಇದ್ದದ್ದೇ ಎರಡು ಮಾತು. ಅವುಗಳ ಹೊಟ್ಟೆಯೊಳಗೆ ಇದ್ದದ್ದು ನಾಣ್ಯದಗಲದ ಬಟನ್ ಸೆಲ್ಲು, ಸುಮಾರು 220 ಮಿಲಿಆಂಪ್-ಅವರ್ ಅಷ್ಟೇ. ಮಾತಿಗೆಂದು ಹುಟ್ಟಿದ ಬ್ಲೂಟೂತು ಅದನ್ನು ನೋಡನೋಡುತ್ತ ಕುಡಿದು ಮುಗಿಸುತ್ತಿತ್ತು.

2001ರಲ್ಲಿ ಫಿನ್‌ಲೆಂಡಿನ ನೋಕಿಯಾ ಸಂಶೋಧಕರು ಇದಕ್ಕೆ ಕೈಹಾಕಿದರು. ಯಾರಿಗಾದರೂ ಮೊದಲು ಅನುಮಾನ ಬರುವುದು ರೇಡಿಯೊದ ಕೂಗುವ ಬಾಯಿಯ ಮೇಲೆ, ಅಂದರೆ ಸಂದೇಶ ಕಳಿಸುವ ಭಾಗದ ಮೇಲೆ. ಕಳ್ಳ ಇದ್ದದ್ದು ಕಿವಿಯಲ್ಲಿ! ಯಾರಾದರೂ ಕರೆದಾರೆಂದು ಆಲಿಸುತ್ತ ಕೂರುವುದಕ್ಕೂ ಕೂಗಿದಷ್ಟೇ ಕರೆಂಟು ಬೇಕಿತ್ತು. ಹಳೆಯ ಬ್ಲೂಟೂತು ಗೆಳೆಯನನ್ನು 32 ಚಾನೆಲ್‌ಗಳಲ್ಲಿ ಹುಡುಕುತ್ತಿತ್ತು. ಹೊಸ ಯೋಜನೆ ಆ ಹುಡುಕಾಟವನ್ನು ಮೂರಕ್ಕೆ ಇಳಿಸಿತು. ಅವೂ ವೈಫೈ ಗದ್ದಲದಿಂದ ದೂರವಿದ್ದವು.

ಜಗತ್ತು ಮಾತ್ರ ಅವಸರಪಡಲಿಲ್ಲ. 2004ರಲ್ಲಿ ಪ್ರಕಟವಾದ ಕೆಲಸ 2006ರ ಅಕ್ಟೋಬರಿನಲ್ಲಿ ‘ವೈಬ್ರೀ’ ಎಂಬ ಹೆಸರಿನಲ್ಲಿ, ಬ್ಲೂಟೂತಿಗೆ ಎದುರಾಳಿಯಂತೆ ಹೊರಬಂತು. ದಾಯಾದಿ ಜಗಳವಾಗಿದ್ದರೆ ಎರಡೂ ಕೆಡುತ್ತಿದ್ದವೋ ಏನೋ. 2007ರ ಜೂನಿನಲ್ಲಿ ರಾಜಿಯಾಗಿ ಒಂದೇ ಮನೆ ಸೇರಿದವು. 2010ರಲ್ಲಿ ಈ ಮಿತವ್ಯಯದ ವಿಧಾನವನ್ನು ಒಳಗೊಂಡ ಬ್ಲೂಟೂತ್ 4.0 ಬಂತು, ಮರುವರ್ಷ ಐಫೋನ್ 4ಎಸ್‌ನೊಳಗೆ ಹೊಕ್ಕಿತು. ನೋಕಿಯಾದ ಕೆಲಸ ಆರಂಭವಾಗಿ ಹತ್ತು ವರ್ಷ ಕಳೆದಿತ್ತು.

ಗುಟ್ಟು ಇಷ್ಟೇ: ಎರಡೂ ಕಡೆಯವರು ಮೊದಲೇ ಗಂಟೆ ಗೊತ್ತುಮಾಡಿಕೊಂಡು, ಆ ಹೊತ್ತಿಗೆ ಎದ್ದು, ಮಾತಾಡಿ, ಮತ್ತೆ ಮಲಗುವುದು. ಬ್ಲೂಟೂತ್ 4.0ರಲ್ಲಿ ಈ ಅಂತರ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡಿನವರೆಗೆ ಇರಬಹುದಿತ್ತು. ಹೇಳುವುದೇನೂ ಇಲ್ಲದಾಗ ಕೆಲವು ಸರದಿ ತಪ್ಪಿಸಿ ಮಲಗಲೂ ಸಾಧನಕ್ಕೆ ಅನುಮತಿ ಉಂಟು. ಆದರೆ ಕೊನೆಯ ಮಾತು ಫೋನಿನದೋ ಕಂಪ್ಯೂಟರಿನದೋ. ಅಲ್ಲಿನ ಡ್ರೈವರು ಸಾಧನದ ಕೋರಿಕೆ ಒಪ್ಪಿದರೆ ನಿದ್ದೆ, ಒಪ್ಪದಿದ್ದರೆ ಸೆಕೆಂಡಿಗೆ ನೂರಮೂವತ್ತಕ್ಕೂ ಹೆಚ್ಚು ಸಲ ಎಚ್ಚರಗೊಳ್ಳಬೇಕಾದೀತು. ಒಂದೇ ಮೌಸು ಒಂದು ಕಂಪ್ಯೂಟರಿನ ಜತೆ ತಿಂಗಳುಗಟ್ಟಲೆ ಬಾಳಿ, ಇನ್ನೊಂದರ ಜತೆ ಬೇಗ ಸತ್ತರೆ, ಸೆಲ್ಲಿನ ತಪ್ಪು ಇರಲೇಬೇಕೆಂದಿಲ್ಲ.